ಜಯಮಾಲಾ ಸಿಸ್ಟರ್ ಕೈ ಕಟ್ಟಿ ನಿಂತದ್ದು

ಆಳಂದದಲ್ಲಿ ನಮ್ಮ ಓಣಿಯ ಕೊನೆಯ ಮನೆ ಜಯಮಾಲಾ ಅವರದು. ಬೆಳಗಿನ ಹೊತ್ತು ಎಲ್ಲರಿಗಿಂತ ಮೊದಲು ದೀಪ ಹತ್ತುವುದು ಅಲ್ಲೇ. ಸ್ನಾನ, ಲಿಂಗಪೂಜೆ, ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಳ್ಳುವುದು, ಆಮೇಲೆ ಬಸ್ ನಿಲ್ದಾಣ. ಒಂದು ದಿನ ಅಫಜಲಪುರದ ಕಡೆ, ಇನ್ನೊಂದು ದಿನ ಜೇವರ್ಗಿಯ ಕಡೆ. ಹಳ್ಳಿಯ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ ನರ್ಸುಗಳ ಜೊತೆ ನಿಂತು ಅವರಿಗೆ ಕಲಿಸುವುದು ಈಗ ಅವರ ಉದ್ಯೋಗ. ಕಾಗದದಲ್ಲಿ ಅದಕ್ಕೆ ನರ್ಸ್ ಮೆಂಟರ್ ಎಂದು ಹೆಸರು. ಕಂಡಕ್ಟರುಗಳ ಬಾಯಲ್ಲಿ ಮಾತ್ರ ಅವರು ‘ಬಸ್ಸಿನ ಸಿಸ್ಟರ್’. ಸೀಟು ಸಿಗದಿದ್ದರೆ ಯಾರನ್ನಾದರೂ ಎಬ್ಬಿಸಿ ಇವರನ್ನು ಕೂಡಿಸುತ್ತಾರೆ. ಎಬ್ಬಿಸಿಕೊಂಡವನ ಹೆಂಡತಿಯ ಹೆರಿಗೆಯನ್ನು ಎಂದೋ ಇವರೇ ಮಾಡಿಸಿರುತ್ತಾರೆ, ಹಾಗಾಗಿ ಅವನೂ ಮುಖ ಗಂಟಿಕ್ಕುವುದಿಲ್ಲ.

ಹುಟ್ಟಿದ್ದು ಮಾದನಹಿಪ್ಪರಗಾದಲ್ಲಿ. ತಂದೆ ನಾಗಣ್ಣ ಅವರದು ಹಿಟ್ಟಿನ ಗಿರಣಿ. ಮಗಳು ನರ್ಸಿಂಗ್ ಓದುತ್ತಾಳೆಂದಾಗ ಮನೆಗೆ ಬಂದ ಬೀಗರು, ಕಂಡವರ ಹೊಲಸು ಬಳಿಯುವ ಕೆಲಸ ನಿಮ್ಮಂಥವರ ಮಗಳಿಗೆ ಯಾಕೆ ಎಂದರಂತೆ. ನಾಗಣ್ಣ ಗಿರಣಿಯ ಬೆಲ್ಟು ಸರಿಮಾಡುತ್ತಲೇ, “ನನ್ನ ಮೈಮ್ಯಾಲೂ ದಿನಾ ಹಿಟ್ಟು ಬೀಳ್ತದ. ಜಳಕ ಮಾಡಿದ್ರ ಹೋಗ್ತದ” ಎಂದು ಮಾತು ಮುಗಿಸಿದರು.

ಮೊದಲ ನೌಕರಿ ಅಫಜಲಪುರದಲ್ಲಿ. ಅಲ್ಲಿ ಶಮಶಾದ ಸಿಸ್ಟರ್ ಎಂಬ ಹಿರಿಯ ನರ್ಸು ಇದ್ದರು. ಜಯಮಾಲಾ ಹೆರಿಗೆ ಮಾಡಿಸುವಾಗ ಅವರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಹುಡುಗಿ ತಡವರಿಸಿದರೂ ಮುಂದೆ ಬರುತ್ತಿರಲಿಲ್ಲ. ಯಾಕೆಂದು ಕೇಳಿದಾಗ, “ನನ್ನ ಕೈ ಮುಂದ ಬಂತಂದ್ರ ನಿನ್ನ ಕೈ ಹಿಂದ ಹೋಗ್ತದ ಬೇಟಿ” ಎಂದಿದ್ದರು. ತಾಯಿಗೋ ಮಗುವಿಗೋ ಅಪಾಯ ಎನಿಸಿದರೆ ಮಾತ್ರ ಆ ಕೈ ಬಿಚ್ಚುತ್ತಿತ್ತು. ಈ ರೀತಿಯನ್ನು ಜಯಮಾಲಾ ಅವರು ತಮ್ಮದಾಗಿಸಿಕೊಂಡರು. ಆದರೆ ಬಿಗಿಯಾಗಿ ಕೈ ಕಟ್ಟಿ ನಿಲ್ಲುವುದು ಎಷ್ಟು ಕಠಿಣ ಎಂಬುದು ತಿಳಿದದ್ದು ಮೆಹನಾಜಳಿಂದ ಎಂದು ಅವರೇ ಹೇಳುತ್ತಾರೆ. ನಾನು ಬರೆಯಲು ಹೊರಟದ್ದು ಅದನ್ನೇ.

ಮೆಹನಾಜ ಅಫಜಲಪುರ ತಾಲೂಕಿನ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಊರಿನ ಹೆಸರು ಬೇಡ. ಆಳಂದದ ದರ್ಜಿ ಚಮನಸಾಬರ ಮಗಳು, ಚುರುಕಿನ ಹುಡುಗಿ. ಮೊದಲ ವರ್ಷ ಅಲ್ಲಿ ಎಷ್ಟೋ ಹೆರಿಗೆ ಮಾಡಿಸಿದ್ದಳು. ಆಮೇಲೆ ಒಮ್ಮೆಲೇ ನಿಲ್ಲಿಸಿಬಿಟ್ಟಳು. ನೋವು ಶುರುವಾದ ಹೆಂಗಸು ಬಂದರೆ ಸಾಕು, ಮೊದಲ ಹೆರಿಗೆ, ಬಿಪಿ ಜರಾ ಹೆಚ್ಚು, ನೀರು ಕಡಿಮೆ, ಏನೋ ಒಂದು ಹೇಳಿ ೧೦೮ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸುವಳು. ಹೀಗೆ ಕಳಿಸಿದ ಒಬ್ಬಳು ಹವಳಗಾದ ಹತ್ತಿರ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ನಡುವೆ, ನಿಂತ ಗಾಡಿಯಲ್ಲೇ ಹೆತ್ತಳು. ತಾಯಿ, ಮಗು ಇಬ್ಬರೂ ಉಳಿದರು, ದೇವರ ದಯೆ. ಆದರೆ ಅದಾದ ಮೇಲೆ ಆಸ್ಪತ್ರೆಯ ಡಾಕ್ಟರ್ ಅಮರನಾಥ ಅವರು ಜಯಮಾಲಾ ಅವರನ್ನು ಕರೆದು ನೇರವಾಗಿ ಹೇಳಿದರು.

“ಸಿಸ್ಟರ್, ಹುಡುಗಿ ಕೆಟ್ಟಾಕಿ ಅಲ್ಲ. ಆದ್ರ ಹೆರಿಗಿ ಕೋಣಿಗೆ ಹೆರಿಗಿ ಮಾಡ್ಸೋರು ಬೇಕಲ್ರಿ. ಈ ತಿಂಗಳು ನೋಡ್ತೇನಿ. ಆಗಂಗಿಲ್ಲ ಅಂದ್ರ ಬ್ಯಾರೆಯವರನ್ನ ಕೊಡ್ರಿ ಅಂತ ಮ್ಯಾಲೆ ಬರೀತೇನಿ.”

ಬೇರೆಯವರನ್ನು ಕೊಟ್ಟರೆ ಮೆಹನಾಜ ಮದ್ದು ಹಂಚುವ ಕಿಟಕಿಗೋ ಲಸಿಕೆಯ ಡಬ್ಬಿಗೋ ಹೋಗುತ್ತಾಳೆ. ಒಮ್ಮೆ ಹಾಗೆ ಹೋದವರು ಹೆರಿಗೆ ಕೋಣೆಗೆ ಮರಳಿದ್ದನ್ನು ಜಯಮಾಲಾ ಅವರು ಕಂಡಿರಲಿಲ್ಲ.

ಹೊಸ ಆಸ್ಪತ್ರೆಗೆ ಹೋದಾಗ ಜಯಮಾಲಾ ಅವರು ಮೊದಲ ದಿನ ಏನನ್ನೂ ಕಲಿಸುವುದಿಲ್ಲ. ಹಾಸಿಗೆ ಹಾಸಲು ಕೈ ಜೋಡಿಸುತ್ತಾರೆ, ಹತ್ತಿ ಕತ್ತರಿಸುತ್ತಾರೆ, ಚಹಾ ಕುಡಿಯುತ್ತಾರೆ. ತಪಾಸಣೆಗೆ ಬಂದವರೆಂದು ತಿಳಿದು ನರ್ಸುಗಳು ಕೋಣೆಗೆಲ್ಲ ಫಿನಾಯಿಲ್ ಸುರಿದಿರುತ್ತಾರೆ. ಆ ವಾಸನೆ ಹೋಗುವವರೆಗೆ ಯಾರೂ ನಿಜ ಮಾತಾಡುವುದಿಲ್ಲ ಎಂಬುದು ಅವರ ಅನುಭವ. ಮೆಹನಾಜಳ ಬಳಿ ಆ ವಾಸನೆ ಹೋಗಲು ಮೂರು ನಾಲ್ಕು ಭೇಟಿಗಳೇ ಹಿಡಿದವು.

ಒಂದು ಮಧ್ಯಾಹ್ನ ಇಬ್ಬರೂ ಕುಳಿತು ರಕ್ತ ಒರೆಸುವ ತೆಳು ಗಾಜ್ ಬಟ್ಟೆ ಮಡಿಸುತ್ತಿದ್ದಾಗ ಅವಳೇ ಬಾಯಿ ಬಿಟ್ಟಳು.

ಅವಳು ಹೆರಿಗೆ ಮಾಡಿಸುವುದನ್ನು ನಿಲ್ಲಿಸಿದ್ದು ಒಂದು ದಿನದ ಘಟನೆಯಿಂದ. ಆ ದಿನದ ಹೆರಿಗೆ ಸುಸೂತ್ರವಾಗಿತ್ತು. ಮಗು ಅತ್ತಿತು, ಮಾಸು ಬಿತ್ತು. ನಮ್ಮ ಕಡೆ ಹೆರಿಗೆಗೆ ಬರುವಾಗ ತವರಿನವರು ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹರಿದು ತರುತ್ತಾರೆ. ಬಾಣಂತಿಯ ಬಟ್ಟೆ ಪರರ ಕಣ್ಣಿಗೆ ಬೀಳಬಾರದು, ಯಾರೂ ಅದನ್ನು ದಾಟಬಾರದು, ದಾಟಿದರೆ ಎದೆಹಾಲು ಬತ್ತುತ್ತದೆ ಎಂದು ಹಿರಿಯರ ನಂಬಿಕೆ. ಹಾಗಾಗಿ ಒಂದು ತುಂಡು ತೊಯ್ದ ಕೂಡಲೇ ಮನೆಯ ಹಿರಿಯ ಹೆಂಗಸು ಅದನ್ನು ಎಳೆದು, ಬೇರೆಯದನ್ನು ಹಾಕಿ, ತೊಯ್ದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಸ್ಪತ್ರೆಯ ಹಿಂದಕ್ಕೆ ಒಯ್ಯುತ್ತಾಳೆ. ಆ ದಿನವೂ ಅತ್ತೆ ಅದನ್ನೇ ಮಾಡಿದಳು. ಮೆಹನಾಜ ಮಗುವನ್ನು ನೋಡುತ್ತಿದ್ದಳು. ತಿರುಗಿದಾಗಲೆಲ್ಲ ಮಂಚದ ಮೇಲೆ ಸ್ವಚ್ಛ ಬಟ್ಟೆ ಕಾಣುತ್ತಿತ್ತು.

“ಬಾಯಿಗೆ ನೀರು ಬೇಕ್ರಿ ಅಂದಳ್ರಿ ಆಕಿ. ಮುಖ ನೋಡಿದ್ರ ಬೆಳ್ಳಗ, ಸುಣ್ಣದಂಗ. ಬಟ್ಟಿ ಎಲ್ಲಿ ಒಯ್ದೀರಿ ಅಂತ ಓಡಿಹೋಗಿ ನೋಡಿದ್ರ, ಹಿಂದ ಹುಣಸಿ ಗಿಡದ ಬುಡಕ ಒಂದು ದೊಡ್ಡ ಗಂಟು.”

ಆ ಹೆಂಗಸು ಕಲಬುರಗಿಯಲ್ಲಿ ರಕ್ತ ಹಾಕಿಸಿಕೊಂಡು ಬದುಕಿದಳು. ಮನೆಯವರು ಮೆಹನಾಜಳನ್ನು ಬೈಯಲೂ ಇಲ್ಲ.

“ಬಟ್ಟಿ ಒಯ್ಯೋದು ನಿನಗ ಮೊದಲೇ ಕಾಣಿಸ್ತೇನು?” ಎಂದು ಜಯಮಾಲಾ ಕೇಳಿದರು.

“ಕಾಣಿಸ್ತ್ರಿ.”

“ಮತ್ತ?”

ಮೆಹನಾಜ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. “ಮೇಡಮ್, ಅವರು ಕೊರಳಾಗ ಲಿಂಗ ಕಟ್ಟಿದವರು. ಅವರದೇನೋ ಪದ್ಧತಿ ಇರ್ತದ. ನಾ ಚಮನಸಾಬನ ಮಗಳು. ಅದನ್ನ ಮುಟ್ಟಬ್ಯಾಡ್ರಿ, ಇದನ್ನ ಒಯ್ಯಬ್ಯಾಡ್ರಿ ಅಂತ ಅವರಿಗೆ ನಾ ಹೆಂಗ ಹೇಳ್ಲಿ? ನೀವು ಹೇಳಿದ್ರ ಕೇಳ್ತಾರ. ನನ್ನ ಮಾತು ಯಾರು ಕೇಳ್ತಾರ್ರಿ?”

ಮರ್ಯಾದೆಯಿಂದ ಸುಮ್ಮನಿದ್ದದ್ದೇ ಅವಳ ತಪ್ಪಾಗಿತ್ತು. ಜಯಮಾಲಾ ಅವರಿಗೆ ಇದು ತೀರ ಸುಲಭದ ಗಂಟು ಎನಿಸಿತು. ಹುಟ್ಟಿಗೆ ಮೈಲಿಗೆಯಿಲ್ಲ, ಲಿಂಗ ಧರಿಸಿದವರಿಗೆ ಸೂತಕವಿಲ್ಲ ಎಂದು ಶರಣರು ಹೇಳಿಲ್ಲವೇ? ಅದನ್ನು ತಾವೇ ನಾಲ್ಕು ಮಾತಿನಲ್ಲಿ ಹೇಳಿದರೆ ಮುಗಿಯಿತು. ಮುಂದಿನ ಭೇಟಿಗೆ ಒಬ್ಬ ಗರ್ಭಿಣಿ ಬಂದಾಗ ಹೆರಿಗೆಯನ್ನು ತಾವೇ ಮಾಡಿಸಿದರು. ಮೆಹನಾಜ ಪಕ್ಕದಲ್ಲಿ ಸಾಮಾನು ಕೊಟ್ಟಳು. ಮಾಸು ಬಿದ್ದ ಮೇಲೆ ಆ ಮನೆಯ ಇಬ್ಬರು ಹಿರಿಯ ಹೆಂಗಸರನ್ನು ಕರೆದು, ಶರಣರ ಮಾತು ಹೇಳಿ, ತೊಯ್ದ ಬಟ್ಟೆ ಇಲ್ಲೇ ಇರಲಿ, ರಕ್ತ ಎಷ್ಟು ಹೋಯಿತೆಂದು ನಮಗೆ ತಿಳಿಯಬೇಕು ಎಂದು ವಿವರಿಸಿದರು.

“ಹೌದ್ರಿ ಅಕ್ಕೋರ, ಖರೆ ಮಾತ್ರಿ,” ಎಂದಳು ಒಬ್ಬಳು.

“ಶರಣರ ಮಾತು ಮೀರಾಕ ಬರ್ತದೇನ್ರಿ?” ಎಂದಳು ಇನ್ನೊಬ್ಬಳು. ಇಬ್ಬರೂ ಕೈ ಮುಗಿದರು.

ಜಯಮಾಲಾ ಗ್ಲೌಸು ತೆಗೆದು ಕೈ ತೊಳೆದು ಬರುವಷ್ಟರಲ್ಲಿ ಬಟ್ಟೆ ಇರಲಿಲ್ಲ. ಹಿಂದಿನ ಕಿಟಕಿಯಿಂದ ನೋಡಿದರೆ ಕೈ ಮುಗಿದವಳೇ ಗಂಟು ಹಿಡಿದು ಗಿಡದ ಕಡೆ ನಡೆದಿದ್ದಳು.

ಜಯಮಾಲಾ ಬಾಣಂತಿಯ ಹೊಟ್ಟೆ ಮುಟ್ಟಿ, ನಾಡಿ ಹಿಡಿದು, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಹಿಂತಿರುಗಿದಾಗ ಮೆಹನಾಜ ಬಾಯಿಗೆ ದುಪಟ್ಟಾ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆ ಎಂದುಕೊಂಡರು. ಅವಳು ನಗುತ್ತಿದ್ದಳು.

“ನಗಬೇಕಂದ್ರ ಚೆಂದಾಗಿ ನಗು ಬೇ. ಉಸಿರು ಕಟ್ಟೀತು.”

“ನಿಮ್ಮ ಮಾತೂ ಕೇಳಲಿಲ್ಲಲ್ರಿ ಮೇಡಮ್. ಕೈ ಮುಗದು ಒಯ್ದಳ್ರಿ.”

“ನಾ ಎಷ್ಟು ಜೋರ್ ಭಾಷಣ ಮಾಡಿದ್ದೆ ಅಂದ್ರ…”

“ಟೀವಿಯಾಗಿನ ಸ್ವಾಮಿಗಳಂಗ ಮಾಡಿದ್ರಿ.”

ಆಯಾ ಒಳಗೆ ಬಂದು, ಇವರಿಬ್ಬರಿಗೆ ಏನಾಯಿತೆಂದು ತಿಳಿಯದೆ, ತಾನೂ ನಕ್ಕಳು. ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ಜಯಮಾಲಾ ಅವರಿಗೆ ತಾವು ಮಾಡಿದ್ದು ಹೊಳೆಯಿತು. ಮೆಹನಾಜ ಮಾಡಿಸಬೇಕಾದ ಹೆರಿಗೆಯನ್ನು ತಾವು ಮಾಡಿಸಿದ್ದರು, ಅವಳು ಆಡಬೇಕಾದ ಮಾತನ್ನು ತಾವು ಆಡಿದ್ದರು. ಅದು ಫಲಿಸಿದ್ದರೆ ಮೆಹನಾಜ ಇನ್ನಷ್ಟು ಹಿಂದೆ ಸರಿಯುತ್ತಿದ್ದಳು. ಫಲಿಸದೆ ಹೋದದ್ದೇ ದೇವರು ಮಾಡಿದ ಉಪಕಾರ ಎಂದು ಅವರು ನನಗೆ ಹೇಳಿದಾಗ ನಾನೂ ಹೌದೆಂದು ತಲೆಯಾಡಿಸಿದೆ.

ಮರುಭೇಟಿಯಲ್ಲಿ ಅವರು ಮನೆಯ ಹಳೆಯ ನೂಲಿನ ಸೀರೆಯೊಂದನ್ನು ಒಯ್ದರು. ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಅದನ್ನು ತುಂಡು ಮಾಡಿ, ಕೆಂಪು ರಂಗು ಕಲಸಿದ ನೀರನ್ನು ಅಳತೆಯ ಜಗ್ಗಿನಿಂದ ಮೆಹನಾಜಳ ಕೈಯಿಂದಲೇ ಹೊಯ್ಯಿಸಿದರು. ಒಂದು ತುಂಡು ಎಷ್ಟು ಕುಡಿಯುತ್ತದೆ, ಅಂಚಿನವರೆಗೆ ತೊಯ್ದರೆ ಎಷ್ಟು, ಹಿಂಡಿದರೆ ಹನಿ ಬೀಳುವಂತಿದ್ದರೆ ಎಷ್ಟು. ಆಸ್ಪತ್ರೆಯ ಗಾಜ್ ಬಟ್ಟೆಗೂ ಮನೆಯ ಸೀರೆಗೂ ಬಹಳ ವ್ಯತ್ಯಾಸ. ಒಗೆದು ಒಗೆದು ಮೆತ್ತಗಾದ ನೂಲು ಇಬ್ಬರೂ ಎಣಿಸಿದ್ದಕ್ಕಿಂತ ಹೆಚ್ಚು ಕುಡಿದು ಮೇಲೆ ಒಣಗಿದಂತೆ ಕಾಣುತ್ತಿತ್ತು. ಜಯಮಾಲಾ ಅವರಿಗೂ ಅದು ಹೊಸತು. ಇಬ್ಬರ ಕೈಗಳೂ ಕೆಂಪಾದವು.

“ಹೋಳಿ ಹುಣ್ಣಿವಿ ಆಗಿ ಎಷ್ಟೋ ದಿನ ಆತಲ್ರಿ,” ಎಂದಳು ಆಯಾ.

“ಬಟ್ಟಿ ನೋಡಬೇಕಂದ್ರ ಬಟ್ಟಿ ಇರಬೇಕಲ್ರಿ,” ಎಂದಳು ಮೆಹನಾಜ ತುಂಡು ಹಿಂಡುತ್ತ. “ಅವರು ಒಯ್ಯೋದು ಯಾಕ್ರಿ? ಯಾರಾರ ನೋಡ್ತಾರಂತ. ಅಷ್ಟೇ ಅಲ್ಲೇನ್ರಿ?”

ಜಯಮಾಲಾ ಅವರ ಬಾಯಿಗೆ ಉತ್ತರ ಬಂದಿತ್ತು. ನುಂಗಿಕೊಂಡು, “ಯೋಚನಿ ಮಾಡು” ಎಂದರು.

ತಿಂಗಳು ಮುಗಿಯಲು ಬಂದಿತ್ತು. ಅಂಥ ಒಂದು ಬೆಳಿಗ್ಗೆ ಅತನೂರಿನ ಹತ್ತಿರದ ಹೊಲಮನೆಯಿಂದ ಸುಗಲಾಬಾಯಿ ಎಂಬ ಮುದುಕಿ ಮೊಮ್ಮಗಳು ಭಾಗ್ಯಜ್ಯೋತಿಯನ್ನು ಆಟೋದಲ್ಲಿ ಕರೆತಂದಳು. ಮೊದಲ ಹೆರಿಗೆ. ಕಂಕುಳಲ್ಲಿ ಸೀರೆ ತುಂಡುಗಳ ಗಂಟು. ಜಯಮಾಲಾ ಆಗಷ್ಟೇ ಬಸ್ಸಿಳಿದು ಬಂದಿದ್ದರು. ಮೆಹನಾಜ ಹುಡುಗಿಯ ಮುಖ ನೋಡಿದಳು, ಕೂಡಲೇ ಫೋನು ಕೈಗೆತ್ತಿಕೊಂಡಳು.

“ಯಾರಿಗೆ ಮಾಡಾಕತ್ತೀ?” ಎಂದರು ಜಯಮಾಲಾ.

“೧೦೮ಕ್ರಿ. ಚೊಚ್ಚಲ ಅದ.”

“ನೋಡೀಯೇನು ಆಕಿನ್ನ?”

ಮೆಹನಾಜ ಫೋನು ಹಿಡಿದೇ ಒಳಗೆ ಹೋದಳು. ಬಿಪಿ ನೋಡಿದಳು, ಹೊಟ್ಟೆ ಮುಟ್ಟಿದಳು, ಮಗುವಿನ ಎದೆಬಡಿತ ಕೇಳಿದಳು, ಒಳಗಿನ ಪರೀಕ್ಷೆ ಮಾಡಿದಳು. ಎಲ್ಲವೂ ಇರಬೇಕಾದಂತೆಯೇ ಇತ್ತು. ಕಳಿಸಲು ಒಂದೇ ಒಂದು ಕಾರಣವೂ ಸಿಗಲಿಲ್ಲ. ಹೊರಗೆ ಬಂದು ಜಯಮಾಲಾ ಅವರ ಮುಖ ನೋಡಿದಳು. ಅವರು ಕಳಿಸು ಅಂದರೆ ಕಳಿಸುತ್ತಿದ್ದಳು. ನಾನು ಮಾಡುತ್ತೇನೆ ಅಂದರೆ ದಾರಿ ಬಿಡುತ್ತಿದ್ದಳು. ಎರಡೂ ಮಾತು ಅವರ ಬಾಯಿಂದ ಬರಲಿಲ್ಲ. ಮೆಹನಾಜ ಫೋನನ್ನು ಮೇಜಿನ ಮೇಲಿಟ್ಟು ಏಪ್ರನ್ ಕಟ್ಟಿಕೊಂಡಳು. ಜಯಮಾಲಾ ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಹಿಂದೆ ಕೈ ಕಟ್ಟಿ ನಿಂತರು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಸರಿಯುವ ಹೊತ್ತಿಗೆ ಮಗು ಹುಟ್ಟಿತು, ಹೆಣ್ಣು. ಕೂಡಲೇ ಅತ್ತಿತು. ಮೆಹನಾಜ ಅದನ್ನು ಒರೆಸಿ ತಾಯಿಯ ಎದೆಯ ಮೇಲೆ ಹಾಕಿದಳು. ತಾಯಿಗೆ ಕೊಡಬೇಕಾದ ಸೂಜಿ ಕೊಟ್ಟಳು. ಮಾಸು ಬಿತ್ತು, ಅದನ್ನು ಎರಡೂ ಬದಿಗೆ ತಿರುವಿ ಪೂರ್ತಿ ಬಂದಿದೆಯೇ ಎಂದು ನೋಡಿದಳು. ಅಷ್ಟರಲ್ಲಿ ಸುಗಲಾಬಾಯಿ ಮೊದಲ ತುಂಡನ್ನು ಎಳೆದು ಸೆರಗಿನೊಳಗೆ ಸೇರಿಸುತ್ತಿದ್ದಳು.

“ಆಯಿ, ಜರಾ ನಿಂದ್ರಿ,” ಎಂದಳು ಮೆಹನಾಜ. ಧ್ವನಿ ಸಣ್ಣದಾಗಿತ್ತು. ಮಂಚದ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಬುಟ್ಟಿ ಎಳೆದಳು. “ಅದನ್ನ ಇದರಾಗ ಹಾಕ್ರಿ.”

“ಯಾಕವ್ವ? ಹಿಂದ ಒಯ್ದು ಇಡ್ತೇನಿ. ಯಾರರ ನೋಡಿಗೀಡ್ಯಾರು.”

“ಹಿಂದ ನಾಯಿ ಅದಾವ್ರಿ, ಮಂದಿ ಓಡ್ಯಾಡ್ತಾರ. ಯಾರು ದಾಟ್ತಾರೋ ಏನೋ. ಇಲ್ಲೇ ಆದ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ನೀವೇ ಕಾವಲು ಕೂಡ್ರಿ. ನಾ ಹೇಳೂತನ ಇದನ್ನ ಯಾರೂ ಎತ್ತಬಾರ್ದು. ಡಾಕ್ಟರ್ ಬಂದು ಕೇಳಿದ್ರೂ ಕೊಡಬ್ಯಾಡ್ರಿ.”

ಸುಗಲಾಬಾಯಿ ಮೆಹನಾಜಳನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀ ಯಾರ ಮಗಳು?”

“ಆಳಂದದ ಚಮನಸಾಬ ಅಂತ್ರಿ. ದರ್ಜಿ ಕೆಲಸ.”

“ಜಂಪರ್ ಹೊಲೀತಾನೇನು?”

“ಹೊಲೀತಾರ್ರಿ.”

“ನಮ್ಮೂರ ದರ್ಜಿ ತೋಳು ಕೆಡಸ್ತಾನ,” ಎಂದು ಮುದುಕಿ ಬುಟ್ಟಿಯಲ್ಲಿ ಬಟ್ಟೆ ಹಾಕಿ, ಮೇಲೆ ಒಂದು ಸ್ವಚ್ಛ ತುಂಡು ಮುಚ್ಚಿ, ಸ್ಟೂಲು ಎಳೆದುಕೊಂಡು ಅದರ ಪಕ್ಕ ಕುಳಿತಳು. ಆಯಾ ನೆಲ ಒರೆಸಲು ಬಂದಾಗ, “ಆ ಕಡಿಂದ ಹಾಯ್ದು ಹೋಗವ್ವ” ಎಂದು ದೂರದಿಂದಲೇ ಕೈ ಮಾಡಿದಳು.

ಮೆಹನಾಜ ಮಗುವಿನ ತೂಕ ನೋಡುತ್ತಿದ್ದಾಗ ಮುದುಕಿಯೇ ಕರೆದಳು. “ನರ್ಸಬಾಯಿ, ಇದು ನಾಕನೇದು ಆತು. ಹಿಂಡಿದ್ರ ಸೋರ್ತದ. ನನ್ನ ಮಗಳ ಹೆರಿಗ್ಯಾಗ ಇಷ್ಟು ಆಗಿದ್ದಿಲ್ಲ.”

ಮೆಹನಾಜ ಮಗುವನ್ನು ಆಯಾಳ ಕೈಗೆ ಕೊಟ್ಟು ಬಂದು ಮುಚ್ಚಿದ ತುಂಡು ಎತ್ತಿ ನೋಡಿದಳು. ನೋಡಿದ ಕೂಡಲೇ ಕೈ ಭಾಗ್ಯಜ್ಯೋತಿಯ ಹೊಟ್ಟೆಯ ಮೇಲೆ ಹೋಯಿತು. ಹೆರಿಗೆಯಾದ ಮೇಲೆ ಗರ್ಭಚೀಲ ಚೆಂಡಿನ ಹಾಗೆ ಗಟ್ಟಿಯಾಗಿರಬೇಕು. ಅದು ನಾದಿದ ರೊಟ್ಟಿ ಹಿಟ್ಟಿನಂತೆ ಮೆತ್ತಗಿತ್ತು.

ಗೋಡೆಯ ಬಳಿ ಜಯಮಾಲಾ ಅವರ ಬೆನ್ನ ಹಿಂದೆ ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು. ಆ ಹೊತ್ತು ಶಿವನನ್ನು ನೆನೆದದ್ದು ಬಾಣಂತಿಗಾಗಿಯೋ, ತಮ್ಮ ಕೈಗಳನ್ನು ಹಿಡಿದಿಡಲಿಕ್ಕೋ ಎಂದು ಕೇಳಿದರೆ ಈಗಲೂ ಹೇಳಲಾರರು. ಭಾಗ್ಯಜ್ಯೋತಿಯ ಮುಖದ ಬಣ್ಣ ನೋಡುತ್ತ, ಇನ್ನು ಒಂದು ಕ್ಷಣ, ಇನ್ನು ಒಂದು ಕ್ಷಣ ಎಂದುಕೊಂಡರು. ಮೆಹನಾಜ ಅಲ್ಲಿ ನಿಂತುಬಿಟ್ಟಿದ್ದರೆ ಅವರು ಕೈ ಬಿಚ್ಚುತ್ತಿದ್ದರು.

ಮೆಹನಾಜ ನಿಲ್ಲಲಿಲ್ಲ. ಹೊಟ್ಟೆಯನ್ನು ಗಟ್ಟಿಯಾಗಿ ಉಜ್ಜತೊಡಗಿದಳು. ಆಯಾಳಿಗೆ ಡಾಕ್ಟರನ್ನು ಕರೆಯಲು, ೧೦೮ಕ್ಕೆ ತಿಳಿಸಿ ಗಾಡಿಯನ್ನು ಬಾಗಿಲಿಗೆ ತರಿಸಿಡಲು ಹೇಳಿದಳು. ತಿರುಗಿ ನೋಡದೆಯೇ, “ಅಕ್ಕಾ, ಸಲಾಯಿನ್. ದೊಡ್ಡ ಸೂಜಿಯಿಂದ ಹಚ್ಚ್ರಿ” ಎಂದಳು. ಅಲ್ಲಿಯವರೆಗೆ ಅವಳು ಅವರನ್ನು ಮೇಡಮ್ ಎಂದೇ ಕರೆದಿದ್ದಳು. ಜಯಮಾಲಾ ಬಂದು ಹೇಳಿದಷ್ಟನ್ನು ಮಾಡಿದರು. ಸಲಾಯಿನ್ ಬಾಟಲಿಯಲ್ಲಿ ಯಾವ ಮದ್ದು ಎಷ್ಟು ಎಂದು ಮೆಹನಾಜ ಹೇಳಿದಳು. ಅದು ಸರಿಯಾಗಿತ್ತು. ಮೂತ್ರ ತುಂಬಿ ನಿಂತಿದ್ದನ್ನು ನಳಿಗೆ ಹಾಕಿ ತೆಗೆದಳು. ಒಂದು ಕೈ ಹೊಟ್ಟೆಯ ಮೇಲಿನಿಂದ ಕದಲಲಿಲ್ಲ. ಡಾಕ್ಟರ್ ಅಮರನಾಥ ಬರುವ ಹೊತ್ತಿಗೆ ಆ ಕೈಯ ಕೆಳಗೆ ಗರ್ಭಚೀಲ ಗಟ್ಟಿಯಾಗಿತ್ತು. ಅವರು ನೋಡಿ, ಹೊಲಿಗೆ ಬೇಕಾದ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, “ರಕ್ತ ಎಷ್ಟು ಹೋಗೇತಿ?” ಎಂದು ಕೇಳಿದರು.

ಮೆಹನಾಜ ಬುಟ್ಟಿಯ ಕಡೆ ಬಗ್ಗಿದಳು. ಸುಗಲಾಬಾಯಿ ಬುಟ್ಟಿಯ ಮೇಲೆ ಕೈ ಅಡ್ಡ ಇಟ್ಟಳು. “ಡಾಕ್ಟರಿಗೂ ಕೊಡಬ್ಯಾಡ ಅಂತ ನೀನೇ ಅಂದಿ ಅಲ್ಲವ್ವ.”

“ಈಗ ನಾ ಹೇಳಾಕತ್ತೇನ್ರಿ ಆಯಿ. ನಾವಿಬ್ಬರೇ ನೋಡೂಣು.”

ಡಾಕ್ಟರು ಮುಖ ತಿರುಗಿಸಿ ನಿಂತರು. ಮೆಹನಾಜ ತುಂಡುಗಳನ್ನು ಒಂದೊಂದಾಗಿ ನೋಡಿ ಅಂದಾಜು ಹೇಳಿದಳು. ಕಳಿಸುವಷ್ಟು ಹೋಗಿರಲಿಲ್ಲ, ಆದರೆ ಗಾಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ಇರಲಿ ಎಂದರು ಡಾಕ್ಟರು. ಇಳಿಹೊತ್ತಿನ ತನಕ ಮೆಹನಾಜ ಮತ್ತೆ ಮತ್ತೆ ಹೊಟ್ಟೆ ಮುಟ್ಟಿ, ನಾಡಿ ನೋಡಿ, ಬಟ್ಟೆ ನೋಡಿದಳು. ಭಾಗ್ಯಜ್ಯೋತಿ ಮಗುವಿಗೆ ಹಾಲು ಕುಡಿಸಿ, ತಾನೂ ಗಂಜಿ ಕುಡಿದು ಮಲಗಿದ ಮೇಲೆ ಗಾಡಿ ಖಾಲಿ ಹೋಯಿತು. ಬುಟ್ಟಿಯನ್ನು ಸುಗಲಾಬಾಯಿಯ ಮುಂದೆಯೇ, ಬಾಗಿಲು ಮುಚ್ಚಿ, ಔಷಧಿ ನೀರಿನಲ್ಲಿ ನೆನೆಹಾಕಿದರು.

ಜಯಮಾಲಾ ಅವರು ಚೀಲ ತೆಗೆದುಕೊಂಡು ಹೊರಟಾಗ ಮೆಹನಾಜ ಗೇಟಿನವರೆಗೆ ಬಂದಳು.

“ನನ್ನ ಕಾಲು ಈಗ ನಡಗಾಕತ್ತಾವ್ರಿ ಅಕ್ಕಾ.”

“ನನ್ನವೂ.”

“ನಿಮ್ಮವ ಯಾಕ್ರಿ? ನೀವು ನಿಂತೇ ಇದ್ರಲ್ಲ.”

“ಅದಕ್ಕ” ಎಂದರು ಜಯಮಾಲಾ.

ಆಸ್ಪತ್ರೆಯ ಗೇಟಿನ ಎದುರಿಗೇ ಬಸ್ಸು ನಿಲ್ಲುವ ಬೇವಿನ ಮರ. ಅಲ್ಲಿ ನಿಂತು ಬಸ್ಸು ಕಾಯುತ್ತಿದ್ದಾಗ ಒಂದು ಆಟೋ ಧೂಳೆಬ್ಬಿಸಿಕೊಂಡು ಬಂದು ಗೇಟಿನೊಳಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ನೋವಿಗೆ ಮುಂದಕ್ಕೆ ಬಾಗಿದ್ದಳು. ಜೊತೆಯವಳ ಮಡಿಲಲ್ಲಿ ಬಟ್ಟೆಯ ಗಂಟು. ಜಯಮಾಲಾ ಅವರು ರಸ್ತೆಗೆ ಒಂದು ಹೆಜ್ಜೆ ಇಟ್ಟರು, ಅಲ್ಲೇ ನಿಂತರು. ಮೆಹನಾಜ ಆಟೋದ ಬಳಿ ಬಂದು ಹೆಂಗಸಿನ ಬೆನ್ನಿಗೆ ಕೈ ಕೊಟ್ಟು ಇಳಿಸಿಕೊಳ್ಳುವುದು ಕಂಡಿತು. ಫೋನು ಅವಳ ಕೈಯಲ್ಲಿರಲಿಲ್ಲ. ರಸ್ತೆಯ ಆಚೆ ನಿಂತ ಇವರ ಕಡೆ ಅವಳು ನೋಡಲೂ ಇಲ್ಲ. ಎಲ್ಲರೂ ಒಳಗೆ ಹೋದರು.

ಬಸ್ಸು ಬಂದು ನಿಂತಿತು. “ಹತ್ರಿ ಸಿಸ್ಟರ್, ಕಡೀ ಬಸ್ ಇದು,” ಎಂದ ಕಂಡಕ್ಟರ್.

ಜಯಮಾಲಾ ಅವರು ಹತ್ತಿದರು.